ಲೇಸರ್ ಚಿಕಿತ್ಸೆ: ಕಾಯುವ ಬೆಳಕು, ಎಚ್ಚರ ತಪ್ಪಿದರೆ ಬರೆ ಎಳೆಯುವ ಬೆಳಕು

‘ಕಣ್ಣಿಗೆ ಲೇಸರ್ ಹಾಕಬೇಕು’ ಎಂದು ವೈದ್ಯರು ಹೇಳಿದೊಡನೆ ಸಕ್ಕರೆ ಕಾಯಿಲೆಯ ರೋಗಿಯ ಎದೆ ಝಲ್ಲೆನ್ನುತ್ತದೆ. ಕಣ್ಣನ್ನೇ ಸುಟ್ಟುಬಿಟ್ಟರೆ ಗತಿಯೇನು ಎಂಬ ಭಯ ಆವರಿಸುತ್ತದೆ. ‘ಹಬ್ಬ ಕಳೆಯಲಿ’, ‘ಸುಗ್ಗಿ ಮುಗಿಯಲಿ’, ‘ಮಗಳ ಮದುವೆಯಾಗಲಿ’ ಎಂದು ದಿನ ಮುಂದೂಡುವವರು ಕಡಿಮೆಯಿಲ್ಲ. ಅದೇ ಲೇಸರ್ ‘ಮುಖದ ಕಾಂತಿಗಾಗಿ’ ಎಂಬ ಫಲಕ ಹೊತ್ತು ಪೇಟೆಯ ಬ್ಯೂಟಿ ಪಾರ್ಲರಿಗೆ ಬಂದಾಗ ಯಾರಿಗೂ ಭಯವಾಗುವುದಿಲ್ಲ. ಮದುವೆಗೆ ತಿಂಗಳಿರುವಾಗ ವಧು ಅಲ್ಲಿ ಹೋಗಿ ನಿಶ್ಚಿಂತೆಯಿಂದ ಮಲಗುತ್ತಾಳೆ.

ವಾಸ್ತವ ಇದಕ್ಕೆ ತದ್ವಿರುದ್ಧವಾಗಿದೆ. ಮೊದಲನೆಯವರು ತಡ ಮಾಡಿದರೆ ಕಳೆದುಹೋದ ದೃಷ್ಟಿ ಹಿಂತಿರುಗುವುದಿಲ್ಲ. ಎರಡನೆಯವರು ಆತುರಪಟ್ಟರೆ ಮುಖದ ಮೇಲಿನ ಕಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವನಪೂರ್ತಿ ಉಳಿಯುತ್ತದೆ. ಹೆದರಬೇಕಾದ ಕಡೆ ಹೆದರದೆ, ಹೆದರಬಾರದ ಕಡೆ ಹೆದರುವ ಈ ಸ್ಥಿತಿಗೆ ಲೇಸರ್ ಎಂದರೆ ಏನು, ಅದು ದೇಹದಲ್ಲಿ ಏನು ಮಾಡುತ್ತದೆ ಎಂಬ ತಿಳಿವಳಿಕೆಯ ಕೊರತೆಯೇ ಕಾರಣ.

ಲೇಸರ್ ಎಂದರೇನು?

ಲೇಸರ್ ಒಂದು ಬಗೆಯ ಬೆಳಕು, ಅಷ್ಟೆ. ಮನೆಯ ಬಲ್ಬಿನಿಂದ ಹೊರಡುವ ಬೆಳಕು ಜಾತ್ರೆಯ ಜನಜಂಗುಳಿಯಂತೆ. ಹಲವು ಬಣ್ಣಗಳ ಕಿರಣಗಳು ಎಲ್ಲ ದಿಕ್ಕಿಗೂ ಚದುರುತ್ತವೆ. ಲೇಸರ್ ಕಿರಣವಾದರೋ ಪಥಸಂಚಲನದ ಸೈನಿಕರಂತೆ. ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ಹೆಜ್ಜೆ. ಈ ಕಾರಣದಿಂದಲೇ ಅದರ ಶಕ್ತಿಯನ್ನು ಸೂಜಿಮೊನೆಗಿಂತ ಚಿಕ್ಕ ಜಾಗದ ಮೇಲೆ ಕೇಂದ್ರೀಕರಿಸಲು ಸಾಧ್ಯವಾಗುತ್ತದೆ.

ಇದರ ತಾತ್ವಿಕ ಬುನಾದಿಯನ್ನು ಹಾಕಿದವರು ಆಲ್ಬರ್ಟ್ ಐನ್‌ಸ್ಟೈನ್. ಶಕ್ತಿ ತುಂಬಿಕೊಂಡಿರುವ ಪರಮಾಣುವಿಗೆ ಬೆಳಕಿನ ಕಣವೊಂದು ತಾಗಿದರೆ, ಅದು ತನ್ನಂಥದೇ ಇನ್ನೊಂದು ಕಣವನ್ನು ಹೊರಹಾಕುತ್ತದೆ ಎಂಬ ‘ಪ್ರಚೋದಿತ ಉತ್ಸರ್ಜನೆ’ಯ ವಿಚಾರವನ್ನು ಅವರು 1917ರಲ್ಲಿ ಮಂಡಿಸಿದರು. 1958ರಲ್ಲಿ ಚಾರ್ಲ್ಸ್ ಟೌನ್ಸ್ ಹಾಗೂ ಆರ್ಥರ್ ಶಾಲೋ ಇದನ್ನು ಬೆಳಕಿಗೆ ಅಳವಡಿಸುವ ಬಗೆಯನ್ನು ವಿವರಿಸಿದರು. 1960ರ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಕೃತಕ ಮಾಣಿಕ್ಯದ ಹರಳನ್ನು ಬಳಸಿ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು.

ವೈದ್ಯರು ಇದನ್ನು ಕೈಗೆತ್ತಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. 1961ರ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ರೋಗಿಯೊಬ್ಬರ ಅಕ್ಷಿಪಟಲದ ಗಡ್ಡೆಯನ್ನು ಮಾಣಿಕ್ಯದ ಲೇಸರ್‌ನಿಂದ ನಾಶಪಡಿಸಲಾಯಿತು. ಅದೇ ಕಾಲಘಟ್ಟದಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಚರ್ಮದ ಮೇಲೆ ಅದರ ಪ್ರಯೋಗಗಳನ್ನು ಆರಂಭಿಸಿದರು. ಹೀಗೆ ಕಣ್ಣು ಮತ್ತು ಚರ್ಮ ಎರಡೂ ಆರಂಭದಿಂದಲೇ ಲೇಸರ್ ವೈದ್ಯಕೀಯದ ಎರಡು ಕವಲುಗಳಾದವು.

ಬಣ್ಣ ಬೇರೆ, ಗುರಿ ಬೇರೆ

ಲೇಸರ್ ಎಂಬ ಒಂದೇ ಯಂತ್ರವಿಲ್ಲ. ಹತ್ತಾರು ಬಗೆಯ ಲೇಸರ್‌ಗಳಿವೆ. ಪ್ರತಿಯೊಂದರ ಕಿರಣಕ್ಕೂ ತನ್ನದೇ ತರಂಗಾಂತರ, ಅಂದರೆ ತನ್ನದೇ ಬಣ್ಣವಿದೆ. ದೇಹದಲ್ಲಿ ಬೆಳಕನ್ನು ಹೀರಿಕೊಳ್ಳುವ ಮುಖ್ಯ ವಸ್ತುಗಳು ಮೂರು: ರಕ್ತಕ್ಕೆ ಕೆಂಪು ನೀಡುವ ಹಿಮೋಗ್ಲೋಬಿನ್, ಚರ್ಮ ಮತ್ತು ಕೂದಲಿಗೆ ಕಪ್ಪು ನೀಡುವ ಮೆಲನಿನ್ ಹಾಗೂ ಎಲ್ಲ ಜೀವಕೋಶಗಳಲ್ಲೂ ಇರುವ ನೀರು. ಯಾವ ಬಣ್ಣದ ಕಿರಣವನ್ನು ಯಾವ ವಸ್ತು ಹೆಚ್ಚು ಹೀರುತ್ತದೆ ಎಂಬುದರ ಮೇಲೆಯೇ ಇಡೀ ಚಿಕಿತ್ಸೆ ನಿಂತಿದೆ.

ಉದಾಹರಣೆಗೆ, ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಕಿರಣವನ್ನು ನೀರು ಥಟ್ಟನೆ ಹೀರಿಕೊಳ್ಳುತ್ತದೆ. ಹೀಗಾಗಿ ಅದು ತಾಗಿದ ಅಂಗಾಂಶ ಆವಿಯಾಗಿಬಿಡುತ್ತದೆ. ಚಾಕುವಿನಂತೆ ಕತ್ತರಿಸುತ್ತಲೇ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ವಿಜ್ಞಾನಿ ಸಿ. ಕುಮಾರ್ ಪಟೇಲ್. ಗಂಟಲು, ಧ್ವನಿತಂತುಗಳ ಶಸ್ತ್ರಚಿಕಿತ್ಸೆಯಿಂದ ಹಿಡಿದು ಮೊಡವೆಯ ಗುಳಿಗಳ ಚಿಕಿತ್ಸೆಯವರೆಗೆ ಇದು ಇಂದಿಗೂ ಬಳಕೆಯಲ್ಲಿದೆ.

ಬಣ್ಣದಷ್ಟೇ ಮುಖ್ಯವಾದದ್ದು ಕಿರಣ ತಾಗುವ ಕಾಲ. ಕಾದ ಕಾವಲಿಯ ಮೇಲೆ ಬೆರಳನ್ನು ಕ್ಷಣಮಾತ್ರ ತಾಗಿಸಿ ತೆಗೆದರೆ ಸುಡುವುದಿಲ್ಲ. ಒಂದೆರಡು ಸೆಕೆಂಡು ಇಟ್ಟರೆ ಬೊಬ್ಬೆ ಏಳುತ್ತದೆ. ಗುರಿಯಾದ ವಸ್ತು ಮಾತ್ರ ಕಾಯುವಷ್ಟು ಹೊತ್ತು, ಆ ಶಾಖ ಅಕ್ಕಪಕ್ಕಕ್ಕೆ ಹರಡುವ ಮುನ್ನವೇ ಕಿರಣ ನಿಲ್ಲಬೇಕು. ಹಾರ್ವರ್ಡ್‌ನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಈ ಸೂತ್ರವನ್ನು ಪ್ರಕಟಿಸಿದರು. ಇಂದಿನ ಬಹುತೇಕ ಚರ್ಮದ ಲೇಸರ್‌ಗಳ ವಿನ್ಯಾಸಕ್ಕೆ ಅದೇ ಆಧಾರ. ಕೂದಲಿನ ಬುಡಕ್ಕೆ ಸೆಕೆಂಡಿನ ಸಾವಿರದ ಭಾಗಗಳ ಲೆಕ್ಕದಲ್ಲಿ ಮಿಡಿತ ನೀಡಿದರೆ, ಹಚ್ಚೆಯ ಸೂಕ್ಷ್ಮ ಕಣಗಳಿಗೆ ಸೆಕೆಂಡಿನ ನೂರು ಕೋಟಿಯ ಭಾಗದ ಲೆಕ್ಕದ ಮಿಡಿತ ಬೇಕಾಗುತ್ತದೆ. ಒಂದಕ್ಕೆ ಮಾಡಿದ ಯಂತ್ರವನ್ನು ಮತ್ತೊಂದಕ್ಕೆ ಬಳಸಿದರೆ ಅಪಾಯ ತಪ್ಪಿದ್ದಲ್ಲ.

ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂಬ ಪ್ರಶ್ನೆ ಸಾಮಾನ್ಯ. ಎಕ್ಸ್‌ರೇಯಂತೆ ದೇಹವನ್ನು ತೂರಿಹೋಗಿ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುವ ವಿಕಿರಣ ಇದಲ್ಲ. ಚಿಕಿತ್ಸೆಯಲ್ಲಿ ಬಳಸುವ ಬಹುತೇಕ ಲೇಸರ್‌ಗಳು ಕಣ್ಣಿಗೆ ಕಾಣುವ ಬೆಳಕು ಇಲ್ಲವೇ ಅವಗೆಂಪು ಬೆಳಕು. ಅವುಗಳಿಂದಾಗುವ ಹಾನಿ ಮುಖ್ಯವಾಗಿ ಶಾಖದ್ದು, ಮತ್ತು ಕಣ್ಣಿಗೆ ನೇರವಾಗಿ ಬಿದ್ದರೆ ಅಕ್ಷಿಪಟಲಕ್ಕೆ ಆಗುವಂಥದ್ದು.

ಕಣ್ಣಿಗೆ ಕಾವಲು

ಲೇಸರ್ ಅತ್ಯಂತ ದೊಡ್ಡ ಉಪಕಾರ ಮಾಡಿರುವುದು ಕಣ್ಣಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಬಹುಕಾಲ ಹತೋಟಿಯಲ್ಲಿರದ ಸಕ್ಕರೆ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಆಮ್ಲಜನಕ ಸಿಗದೆ ಹಸಿದ ಅಕ್ಷಿಪಟಲ ಹೊಸ ರಕ್ತನಾಳಗಳಿಗಾಗಿ ರಾಸಾಯನಿಕ ಕರೆ ಕಳುಹಿಸುತ್ತದೆ. ಆಗ ಹುಟ್ಟುವ ನಾಳಗಳು ತೀರಾ ದುರ್ಬಲ. ಅವು ಒಡೆದು ಕಣ್ಣೊಳಗೆ ರಕ್ತ ತುಂಬಬಹುದು, ಅಕ್ಷಿಪಟಲವನ್ನೇ ಎಳೆದು ಕಿತ್ತುಹಾಕಬಹುದು.

ಲೇಸರ್ ಇಲ್ಲಿ ಮಾಡುವ ಕೆಲಸ ಸರಳ. ಅಕ್ಷಿಪಟಲದ ಅಂಚಿನ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಸೂಕ್ಷ್ಮ ಚುಕ್ಕೆಗಳನ್ನು ಸುಡಲಾಗುತ್ತದೆ. ಅಂಚಿನ ಹಸಿವು ತಗ್ಗಿದಾಗ ಹೊಸ ನಾಳಗಳಿಗೆ ಹೋಗುವ ಕರೆಯೂ ತಗ್ಗುತ್ತದೆ. ನಡುವಿನ, ಓದಲು ಮತ್ತು ಮುಖ ಗುರುತಿಸಲು ಬೇಕಾದ ದೃಷ್ಟಿ ಉಳಿಯುತ್ತದೆ. ಮನೆಯನ್ನು ಉಳಿಸಲು ಅಂಗಳದ ಬೇಲಿಯನ್ನು ಬಿಟ್ಟುಕೊಟ್ಟಂತೆ. ಅಮೆರಿಕದಲ್ಲಿ ನಡೆದು 1976ರಲ್ಲಿ ಮೊದಲ ವರದಿ ಪ್ರಕಟಿಸಿದ ಬೃಹತ್ ಅಧ್ಯಯನವು ಈ ಚಿಕಿತ್ಸೆಯಿಂದ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ ಎಂದು ತೋರಿಸಿತು. ರಾತ್ರಿ ದೃಷ್ಟಿ ಮತ್ತು ಅಂಚಿನ ದೃಷ್ಟಿ ಸ್ವಲ್ಪ ಕುಂದಬಹುದು ಎಂಬುದೂ ನಿಜ.

ಇಲ್ಲಿ ರೋಗಿಗಳು ಅರಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಈ ಲೇಸರ್ ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ, ಇರುವ ದೃಷ್ಟಿಯನ್ನು ಕಾಯುತ್ತದೆ. ‘ಲೇಸರ್ ಹಾಕಿಸಿದ ಮೇಲೂ ಕಣ್ಣು ಸರಿಯಾಗಲಿಲ್ಲ’ ಎಂಬ ದೂರು ಹುಟ್ಟುವುದು ಈ ವ್ಯತ್ಯಾಸ ತಿಳಿಯದಿರುವುದರಿಂದಲೇ. ಕಣ್ಣೊಳಗೆ ನೀಡುವ ಚುಚ್ಚುಮದ್ದುಗಳು ಈಗ ಬಂದಿವೆ. ಅಕ್ಷಿಪಟಲದ ಮಧ್ಯಭಾಗದಲ್ಲಿ ಊತವಿದ್ದು ದೃಷ್ಟಿ ಕುಂದಿದಾಗ ಅವುಗಳಿಗೇ ಆದ್ಯತೆ. ಆದರೆ ಅವನ್ನು ಪದೇಪದೇ ಪಡೆಯಬೇಕು. ದೂರದ ಹಳ್ಳಿಯಿಂದ ಪ್ರತಿ ತಿಂಗಳು ಬರಲಾಗದವರಿಗೆ ಲೇಸರ್‌ನ ಬಾಳಿಕೆ ಇಂದಿಗೂ ದೊಡ್ಡ ಆಸರೆ. ಕಣ್ಣು ಮಂಜಾಗುವವರೆಗೆ ಕಾಯದೆ ಮಧುಮೇಹಿಗಳು ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದು ಇದಕ್ಕಾಗಿಯೇ.

ಹಸುಗೂಸಿಗೂ ಲೇಸರ್

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಷಯದಲ್ಲಂತೂ ದಿನಗಳ ಲೆಕ್ಕವೇ ದೃಷ್ಟಿಯ ಲೆಕ್ಕ. ಇಂಥ ಮಕ್ಕಳ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವರಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಮಗುವನ್ನು ಶಾಶ್ವತವಾಗಿ ಕುರುಡಾಗಿಸಬಲ್ಲವು. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ 30 ದಿನಗಳೊಳಗೆ ಕಣ್ಣಿನ ತಪಾಸಣೆ ಆಗಬೇಕು ಎಂಬುದು ಭಾರತದಲ್ಲಿ ಅನುಸರಿಸಲಾಗುತ್ತಿರುವ ನಿಯಮ. ಚಿಕಿತ್ಸೆ ಬೇಕೆಂದು ಕಂಡುಬಂದರೆ ಎರಡು ಮೂರು ದಿನಗಳಲ್ಲೇ ನೀಡಬೇಕು. ಹಲವು ಶಿಶುಗಳಲ್ಲಿ ಲೇಸರ್ ಆ ದೃಷ್ಟಿಯನ್ನು ಉಳಿಸುತ್ತದೆ.

ಈ ದಿಸೆಯಲ್ಲಿ ಕರ್ನಾಟಕದ ಪ್ರಯತ್ನ ದೇಶದ ಗಮನ ಸೆಳೆದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಡಿ ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ತೀವ್ರ ನಿಗಾ ಘಟಕಗಳಿಗೆ ಹೋಗುತ್ತಾರೆ. ಅಲ್ಲಿ ತೆಗೆದ ಚಿತ್ರಗಳನ್ನು ದೂರದ ತಜ್ಞರು ಅಂತರ್ಜಾಲದ ಮೂಲಕ ನೋಡಿ ಯಾವ ಮಗುವಿಗೆ ಚಿಕಿತ್ಸೆ ಬೇಕೆಂದು ತಿಳಿಸುತ್ತಾರೆ. ಬಾಣಂತಿಯ ಮನೆಯವರು ‘ಮಗು ಇನ್ನೂ ಹಸಿ, ಮೂರು ತಿಂಗಳಾಗಲಿ’ ಎಂದು ಹಿಂಜರಿದರೆ ಆ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ.

ಕನ್ನಡಕ ಬಿಡಿಸುವ ಕಿರಣ

ಕನ್ನಡಕದಿಂದ ಮುಕ್ತಿ ನೀಡುವ ‘ಲೇಸಿಕ್’ ಚಿಕಿತ್ಸೆಯ ಹಿಂದೆಯೂ ಭಾರತದಲ್ಲಿ ಹುಟ್ಟಿದ ವಿಜ್ಞಾನಿಯೊಬ್ಬರಿದ್ದಾರೆ. ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ನ್ಯೂಯಾರ್ಕ್ ಬಳಿಯ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದರು. 1981ರ ನವೆಂಬರ್‌ನಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಚೂರನ್ನು ಪ್ರಯೋಗಾಲಯಕ್ಕೆ ತಂದು ಅದರ ಮೇಲೆ ಅತಿನೇರಳೆ ‘ಎಕ್ಸೈಮರ್’ ಲೇಸರ್ ಹರಿಸಿದರು. ಸುತ್ತಲಿನ ಅಂಗಾಂಶ ಸುಡದೆ, ಕರಕಲಾಗದೆ ಅಚ್ಚುಕಟ್ಟಾಗಿ ಕೆತ್ತಿದಂತಾಗಿತ್ತು. ಸಹೋದ್ಯೋಗಿಗಳಾದ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಜತೆಗೂಡಿ ಮಾಡಿದ ಈ ಶೋಧವೇ ಮುಂದೆ ಕಾರ್ನಿಯಾದ ಆಕಾರವನ್ನು ತಿದ್ದುವ ಚಿಕಿತ್ಸೆಗೆ ದಾರಿಯಾಯಿತು.

ಎಲ್ಲರೂ ಈ ಚಿಕಿತ್ಸೆಗೆ ಅರ್ಹರಲ್ಲ. ವಯಸ್ಸು 18 ದಾಟಿರಬೇಕು, ಕನ್ನಡಕದ ಸಂಖ್ಯೆ ಕನಿಷ್ಠ ಒಂದು ವರ್ಷದಿಂದ ಬದಲಾಗಿರಬಾರದು, ಕಾರ್ನಿಯಾ ಸಾಕಷ್ಟು ದಪ್ಪವಿರಬೇಕು. ಕಾರ್ನಿಯಾ ತೆಳುವಾಗಿ ಮುಂಚಾಚುವ ‘ಕೆರಟೊಕೋನಸ್’ ಸಮಸ್ಯೆ ಇದ್ದವರಿಗೆ ಲೇಸಿಕ್ ಮಾಡುವಂತಿಲ್ಲ. ಕಣ್ಣು ಒಣಗುವಿಕೆ, ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣುವುದು ಕೆಲವರಿಗೆ ಬಾಧಿಸುತ್ತದೆ. ನಲವತ್ತು ದಾಟಿದ ಮೇಲೆ ಬರುವ ಓದುವ ಕನ್ನಡಕ ಇದರಿಂದ ತಪ್ಪುವುದಿಲ್ಲ. ಆರೋಗ್ಯ ವಿಮೆಯ ನಿಯಮಗಳಂತೆ 7.5 ಡಯಾಪ್ಟರ್‌ಗಿಂತ ಕಡಿಮೆ ದೋಷಕ್ಕೆ ಸಾಮಾನ್ಯವಾಗಿ ವೆಚ್ಚ ಮರುಪಾವತಿಯೂ ಇಲ್ಲ.

ಪೊರೆಯ ವಿಷಯದಲ್ಲೂ ಗೊಂದಲವಿದೆ. ‘ಲೇಸರ್‌ನಿಂದ ಪೊರೆ ತೆಗೆಸಿದೆವು’ ಎನ್ನುವವರಲ್ಲಿ ಅನೇಕರಿಗೆ ನಡೆದಿರುವುದು ಶ್ರವಣಾತೀತ ಶಬ್ದತರಂಗಗಳಿಂದ ಪೊರೆಯನ್ನು ಕರಗಿಸುವ ‘ಫೇಕೊ’ ವಿಧಾನ. ಅದರಲ್ಲಿ ಲೇಸರ್ ಇಲ್ಲ. ಲೇಸರ್ ನೆರವಿನ ಪೊರೆ ಶಸ್ತ್ರಚಿಕಿತ್ಸೆಯೂ ಇದೆ, ದುಬಾರಿಯೂ ಹೌದು. ಆದರೆ ದೊಡ್ಡ ಅಧ್ಯಯನಗಳಲ್ಲಿ ಅದರ ಫಲಿತಾಂಶ ಫೇಕೊ ವಿಧಾನಕ್ಕಿಂತ ಗಮನಾರ್ಹವಾಗಿ ಉತ್ತಮವೆಂದು ಕಂಡುಬಂದಿಲ್ಲ. ಪೊರೆ ತೆಗೆಸಿದ ಕೆಲವು ತಿಂಗಳು ಅಥವಾ ವರ್ಷಗಳ ನಂತರ ದೃಷ್ಟಿ ಮತ್ತೆ ಮಸುಕಾದರೆ, ಕೃತಕ ಮಸೂರದ ಹಿಂದಿನ ಪರದೆ ಮಬ್ಬಾಗಿರುವ ಸಾಧ್ಯತೆ ಹೆಚ್ಚು. ಅದನ್ನು ‘ಯಾಗ್’ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ನಿವಾರಿಸಬಹುದು.

ದೇಹದ ಒಳಗೆ

ತೆಳುವಾದ ನಾರಿನ ಮೂಲಕ ಕಿರಣವನ್ನು ಹಾಯಿಸಬಹುದಾದ್ದರಿಂದ ಲೇಸರ್ ದೇಹದೊಳಗೂ ಪ್ರವೇಶಿಸಿದೆ. ಮೂತ್ರಕೋಶ, ಮೂತ್ರನಾಳ ಹಾಗೂ ಮೂತ್ರಪಿಂಡದ ಕಲ್ಲುಗಳನ್ನು ‘ಹೋಲ್ಮಿಯಂ’ ಲೇಸರ್ ಪುಡಿ ಮಾಡುತ್ತದೆ. ವಯಸ್ಸಾದ ಪುರುಷರಲ್ಲಿ ಊದಿದ ಪ್ರಾಸ್ಟೇಟ್ ಗ್ರಂಥಿಯ ಹೆಚ್ಚುವರಿ ಭಾಗವನ್ನು ಕಡಿಮೆ ರಕ್ತಸ್ರಾವದೊಂದಿಗೆ ಬಿಡಿಸಿ ತೆಗೆಯಲೂ ಇದನ್ನೇ ಬಳಸಲಾಗುತ್ತದೆ. ಕಾಲಿನ ಉಬ್ಬಿದ ರಕ್ತನಾಳಗಳನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆ ದೀರ್ಘಕಾಲ ನಿಂತು ದುಡಿಯುವವರಿಗೆ ವರವಾಗಿದೆ. ಒಂದೇ ಮಾಸು ಹಂಚಿಕೊಂಡ ಅವಳಿ ಭ್ರೂಣಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಅತಿಯಾಗಿ ಹರಿಯುತ್ತಿದ್ದರೆ, ಗರ್ಭದೊಳಗೇ ಲೇಸರ್‌ನಿಂದ ಆ ನಾಳಗಳನ್ನು ಮುಚ್ಚಿ ಮಕ್ಕಳನ್ನು ಉಳಿಸುವ ಪ್ರಯತ್ನವೂ ನಡೆಯುತ್ತದೆ.

ಇನ್ನು ಗೋಡೆಗಳ ಮೇಲೆ, ಆಟೋಗಳ ಹಿಂದೆ ಕಾಣುವ ‘ಲೇಸರ್ ಮೂಲಕ ಮೂಲವ್ಯಾಧಿಗೆ ಶಾಶ್ವತ ಪರಿಹಾರ’ ಎಂಬ ಜಾಹೀರಾತುಗಳನ್ನು ವಿವೇಚನೆಯಿಂದ ನೋಡಬೇಕು. ಆರಂಭದ ದಿನಗಳ ನೋವು ಕಡಿಮೆ ಎಂಬುದು ಅದರ ಅನುಕೂಲ. ಮತ್ತೆ ಬರುವುದೇ ಇಲ್ಲ ಎಂಬ ಖಾತರಿ ಅದಕ್ಕಿಲ್ಲ. ಆರಂಭಿಕ ಹಂತದ ಮೂಲವ್ಯಾಧಿ ನಾರಿನಂಶದ ಆಹಾರ, ಸಾಕಷ್ಟು ನೀರು ಮತ್ತು ಔಷಧಿಗಳಿಂದಲೇ ಹತೋಟಿಗೆ ಬರುತ್ತದೆ.

ಚರ್ಮದ ಮೇಲೆ: ರೋಗಕ್ಕೂ ರೂಪಕ್ಕೂ

ಚರ್ಮದ ಲೇಸರ್ ಎಂದರೆ ಕೇವಲ ಸೌಂದರ್ಯದ ಮಾತಲ್ಲ. ಮುಖದ ಅರ್ಧ ಭಾಗ ಆವರಿಸುವ ಕೆಂಪು ಹುಟ್ಟುಮಚ್ಚೆ ಮಗುವಿನ ಬಾಳನ್ನೇ ಕುಗ್ಗಿಸಬಲ್ಲದು. ರಕ್ತದ ಕೆಂಪನ್ನು ಗುರಿಯಾಗಿಸುವ ‘ಪಲ್ಸ್ಡ್ ಡೈ’ ಲೇಸರ್ ಅದನ್ನು ಹಲವು ಸರದಿಗಳಲ್ಲಿ ಗಣನೀಯವಾಗಿ ತಿಳಿಯಾಗಿಸುತ್ತದೆ. ಕಣ್ಣಿನ ಸುತ್ತ ನೀಲಿ ಬೂದು ಬಣ್ಣದಲ್ಲಿ ಹರಡುವ ಮಚ್ಚೆಗಳಿಗೂ ಲೇಸರ್ ಉತ್ತಮ ಪರಿಹಾರ. ತೊನ್ನಿನ ಸಣ್ಣ ಮಚ್ಚೆಗಳಿಗೆ 308 ನ್ಯಾನೋಮೀಟರ್‌ನ ಎಕ್ಸೈಮರ್ ಲೇಸರ್ ಬಳಸಿ ಬಣ್ಣ ಮರಳಿಸಲು ಯತ್ನಿಸಲಾಗುತ್ತದೆ. ಸುಟ್ಟ ಗಾಯದ ಗಂಟುಗಟ್ಟಿದ ಚರ್ಮವನ್ನು ಸಡಿಲಿಸಲು, ಮೊಡವೆಯ ಗುಳಿಗಳನ್ನು ತುಂಬಿಸಲು 2004ರಲ್ಲಿ ಪರಿಚಯವಾದ ‘ಫ್ರಾಕ್ಷನಲ್’ ವಿಧಾನ ನೆರವಾಗಿದೆ. ಚರ್ಮದಲ್ಲಿ ಸೂಕ್ಷ್ಮ ರಂಧ್ರಗಳನ್ನು ಮಾಡಿ, ನಡುನಡುವೆ ಆರೋಗ್ಯವಂತ ಚರ್ಮವನ್ನು ಹಾಗೆಯೇ ಬಿಡುವುದರಿಂದ ಗಾಯ ಬೇಗ ಮಾಯುತ್ತದೆ. ಗುಳಿಗಳು ಪೂರ್ತಿ ಅಳಿಸಿಹೋಗುವುದಿಲ್ಲ, ಆಳ ಕಡಿಮೆಯಾಗುತ್ತದೆ.

ಹಚ್ಚೆ ತೆಗೆಸಲು ಬರುವವರ ಕಾರಣಗಳು ಹಲವು. ಸೇನಾ ನೇಮಕಾತಿಯಲ್ಲಿ ಹಚ್ಚೆಗೆ ನಿರ್ಬಂಧಗಳಿರುವುದು ಅವುಗಳಲ್ಲೊಂದು. ಲೇಸರ್ ಮಿಡಿತ ಬಣ್ಣದ ಕಣಗಳನ್ನು ಚೂರು ಮಾಡುತ್ತದೆ. ಆ ಚೂರುಗಳನ್ನು ದೇಹದ ರಕ್ಷಣಾ ಕೋಶಗಳು ನಿಧಾನವಾಗಿ ಹೊತ್ತೊಯ್ಯುತ್ತವೆ. ಆದ್ದರಿಂದಲೇ ವಾರಗಳ ಅಂತರದಲ್ಲಿ ಹಲವು ಸರದಿಗಳು ಬೇಕು. ಕಪ್ಪು ಹಚ್ಚೆ ಸುಲಭವಾಗಿ ಹೋಗುತ್ತದೆ. ಹಸಿರು, ಹಳದಿ ಬಣ್ಣಗಳು ಹಟ ಹಿಡಿಯುತ್ತವೆ. ಮುಂದಿನ ವಾರ ನೇಮಕಾತಿ ಇರುವಾಗ ಇಂದು ತೆಗೆಸಲು ಹೋದರೆ ಪ್ರಯೋಜನವಿಲ್ಲ.

ಕೂದಲು ನಿವಾರಣೆ: ‘ಶಾಶ್ವತ’ ಎಂಬ ಮಾತು

ಸೌಂದರ್ಯ ಚಿಕಿತ್ಸೆಗಳಲ್ಲಿ ಅತಿ ಜನಪ್ರಿಯವಾಗಿರುವುದು ಅನಗತ್ಯ ಕೂದಲಿನ ನಿವಾರಣೆ. ಕೂದಲಿನ ಮೆಲನಿನ್ ಕಿರಣವನ್ನು ಹೀರಿ ಕಾದು, ಬುಡದ ಬೆಳವಣಿಗೆಯ ಕೋಶಗಳನ್ನು ನಾಶಪಡಿಸುತ್ತದೆ. ಆದರೆ ಎಲ್ಲ ಕೂದಲೂ ಏಕಕಾಲಕ್ಕೆ ಬೆಳೆಯುವ ಹಂತದಲ್ಲಿ ಇರುವುದಿಲ್ಲ. ಹಾಗಾಗಿ ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಸಾಮಾನ್ಯವಾಗಿ ಆರು ಅಥವಾ ಹೆಚ್ಚು ಸರದಿಗಳು ಬೇಕಾಗುತ್ತವೆ. ಮೆಲನಿನ್ ಇಲ್ಲದ ಬಿಳಿ ಕೂದಲಿಗೆ ಇದು ನಾಟುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇಂಥ ಯಂತ್ರಗಳಿಗೆ ‘ಶಾಶ್ವತ ಇಳಿಕೆ’ ಎಂಬ ಮಾತನ್ನಷ್ಟೇ ಒಪ್ಪಿದೆ. ಒಂದು ಕೂದಲೂ ಉಳಿಯದು ಎಂಬ ಅರ್ಥ ಅದಕ್ಕಿಲ್ಲ.

ಯುವತಿಯರ ಗಲ್ಲ, ಕೆನ್ನೆಗಳಲ್ಲಿ ದಪ್ಪ ಕೂದಲು ಕಾಣಿಸಿದರೆ ಲೇಸರ್‌ಗೆ ಮುನ್ನ ಕಾರಣ ಹುಡುಕಬೇಕು. ಅಂಡಾಶಯದ ‘ಪಿಸಿಓಎಸ್’ ಸಮಸ್ಯೆಯಂಥ ಹಾರ್ಮೋನ್ ಏರುಪೇರು ಇದ್ದಾಗ ಅದಕ್ಕೆ ಚಿಕಿತ್ಸೆ ನೀಡದೆ ಲೇಸರ್ ಮಾತ್ರ ಮಾಡಿಸಿದರೆ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಕಡಿಮೆ ಶಕ್ತಿಯ ಕಿರಣ ಬಳಸಿದಾಗ ಕೆಲವರಲ್ಲಿ ತೆಳು ಕೂದಲು ದಪ್ಪವಾಗುವ ವಿಪರ್ಯಾಸವೂ ವರದಿಯಾಗಿದೆ. ಸರದಿಗಳ ನಡುವೆ ವ್ಯಾಕ್ಸಿಂಗ್, ಥ್ರೆಡಿಂಗ್ ಮಾಡಿಸಬಾರದು. ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಕಿರಣಕ್ಕೆ ಗುರಿಯೇ ಇರುವುದಿಲ್ಲ. ಕ್ಷೌರ ಮಾಡಬಹುದು.

ನಮ್ಮ ಚರ್ಮ, ನಮ್ಮ ಎಚ್ಚರ

ಈ ಚಿಕಿತ್ಸೆಗಳಲ್ಲಿ ಭಾರತೀಯರು ವಿಶೇಷ ಎಚ್ಚರ ವಹಿಸಬೇಕು. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ವರ್ಗೀಕರಣ ಈಗ ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಭಾರತೀಯರಲ್ಲಿ ಬಹುಪಾಲು ಜನರ ಚರ್ಮ ನಾಲ್ಕು ಮತ್ತು ಐದನೆಯ ಬಗೆಗೆ ಸೇರುತ್ತದೆ. ಇಲ್ಲಿ ಮೆಲನಿನ್ ಕೂದಲಿನ ಬುಡದಲ್ಲಿ ಮಾತ್ರವಲ್ಲ, ಚರ್ಮದ ಮೇಲ್ಪದರದಲ್ಲೂ ಧಾರಾಳವಾಗಿದೆ. ಗುರಿ ತಲುಪುವ ಮುನ್ನವೇ ಕಿರಣ ಮೇಲ್ಪದರದಲ್ಲಿ ಹೀರಲ್ಪಟ್ಟು ಅಲ್ಲಿಯೇ ಸುಡಬಹುದು. ಸುಟ್ಟ ಜಾಗ ಮೊದಲಿಗಿಂತ ಕಪ್ಪಾಗಬಹುದು, ಇಲ್ಲವೇ ಬಿಳಿ ಕಲೆಯಾಗಿ ಉಳಿಯಬಹುದು.

ಈ ಕಾರಣಕ್ಕೆ ಕಪ್ಪು ಚರ್ಮದವರಿಗೆ, ಮೇಲ್ಪದರವನ್ನು ದಾಟಿ ಆಳಕ್ಕಿಳಿಯುವ 1064 ನ್ಯಾನೋಮೀಟರ್‌ನ ‘ಎನ್‌ಡಿ-ಯಾಗ್’ ಲೇಸರ್ ಹೆಚ್ಚು ಸುರಕ್ಷಿತವೆಂದು ಪರಿಗಣಿಸಲಾಗಿದೆ. ಡಯೋಡ್ ಲೇಸರನ್ನೂ ಸೂಕ್ತ ತಂಪುಗೊಳಿಸುವಿಕೆಯೊಂದಿಗೆ ಬಳಸಬಹುದು. ಬಿಳಿ ಚರ್ಮಕ್ಕೆ ಹೊಂದಿಸಿದ ಶಕ್ತಿಯ ಅಳತೆಯನ್ನು ಇಲ್ಲಿ ಹಾಗೆಯೇ ಬಳಸುವಂತಿಲ್ಲ. ಕಿವಿಯ ಹಿಂದೆ ಅಥವಾ ದವಡೆಯ ಅಂಚಿನಲ್ಲಿ ಸಣ್ಣ ಜಾಗದ ಮೇಲೆ ಮೊದಲು ಪರೀಕ್ಷಿಸಿ ಕೆಲ ದಿನ ಕಾದು ಮುಂದುವರಿಯುವುದು ವಿವೇಕದ ಕ್ರಮ. ಬಿಸಿಲಲ್ಲಿ ತಿರುಗಿ ಚರ್ಮ ಕಂದಿರುವಾಗ ಲೇಸರ್ ಮಾಡಿಸಬಾರದು.

ಹೆಂಗಸರ ಕೆನ್ನೆ, ಮೂಗಿನ ಮೇಲೆ ಬರುವ ಬಂಗಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಬೇಕು. ಬಿಸಿಲು, ಹಾರ್ಮೋನ್, ಶಾಖ ಮೂರಕ್ಕೂ ಕೆರಳುವ ಬಂಗು ಲೇಸರ್‌ನಿಂದ ತಾತ್ಕಾಲಿಕವಾಗಿ ತಿಳಿಯಾದರೂ ಮರುಕಳಿಸುವುದು ಸಾಮಾನ್ಯ. ಕೆಲವೊಮ್ಮೆ ಮೊದಲಿಗಿಂತ ಗಾಢವಾಗುತ್ತದೆ. ಬಂಗಿಗೆ ಮೊದಲ ಮದ್ದು ಸನ್‌ಸ್ಕ್ರೀನ್ ಮತ್ತು ವೈದ್ಯರು ಸೂಚಿಸುವ ಲೇಪನ. ಹುಟ್ಟಿನಿಂದ ಬಂದ ಮೈಬಣ್ಣವನ್ನು ಬದಲಿಸಿ ಬೆಳ್ಳಗಾಗಿಸುವ ಲೇಸರ್ ಯಾವುದೂ ಇಲ್ಲ. ಆ ಭರವಸೆ ನೀಡುವವರನ್ನು ಅಲ್ಲಿಗೇ ಬಿಟ್ಟು ಬರುವುದು ಲೇಸು.

ಕಪ್ಪು ಮಚ್ಚೆಯೊಂದು ಹೊಸದಾಗಿ ಬೆಳೆಯುತ್ತಿದ್ದರೆ, ಆಕಾರ ಬದಲಿಸುತ್ತಿದ್ದರೆ, ರಕ್ತ ಒಸರುತ್ತಿದ್ದರೆ ಲೇಸರ್‌ನಿಂದ ಸುಡಿಸಬಾರದು. ಅದು ಕ್ಯಾನ್ಸರ್ ಆಗಿದ್ದಲ್ಲಿ ಪರೀಕ್ಷೆಗೆ ಬೇಕಾದ ಸಾಕ್ಷ್ಯವೇ ಸುಟ್ಟುಹೋಗಿ ರೋಗಪತ್ತೆ ತಡವಾಗುತ್ತದೆ.

ಯಾರ ಕೈಯಲ್ಲಿ ಯಂತ್ರ?

ಒಂದೇ ಯಂತ್ರ ಬಲ್ಲವರ ಕೈಯಲ್ಲಿ ಮದ್ದು, ಅರಿಯದವರ ಕೈಯಲ್ಲಿ ಬರೆ. ಎರಡು ದಿನ ಯಂತ್ರ ಒತ್ತುವುದನ್ನು ಕಲಿತವರಿಗೆ ಯಾವ ಮಚ್ಚೆ ಯಾವ ರೋಗದ್ದು, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿದಿರುವುದಿಲ್ಲ. ಕರ್ನಾಟಕದಲ್ಲಿ ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡಿರಬೇಕು. ಬ್ಯೂಟಿ ಪಾರ್ಲರಿನ ವ್ಯಾಪಾರ ಪರವಾನಗಿ ಇದಕ್ಕೆ ಸಮನಲ್ಲ. ಅನೇಕ ಪಾರ್ಲರುಗಳಲ್ಲಿರುವ ‘ಐಪಿಎಲ್’ ಯಂತ್ರ ಲೇಸರ್ ಅಲ್ಲವೇ ಅಲ್ಲ. ಅದು ಹಲವು ಬಣ್ಣಗಳ ತೀವ್ರ ಬೆಳಕಿನ ಮಿಡಿತ. ಕಪ್ಪು ಚರ್ಮವನ್ನು ಸುಡುವ ಅಪಾಯ ಅದರಲ್ಲಿ ಹೆಚ್ಚು.

ಚಿಕಿತ್ಸೆಗೆ ಒಪ್ಪುವ ಮುನ್ನ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು:

* ಚರ್ಮವೈದ್ಯರು ಯಾರು? ಅವರ ವಿದ್ಯಾರ್ಹತೆ ಮತ್ತು ನೋಂದಣಿ ಸಂಖ್ಯೆ ಏನು? ಚಿಕಿತ್ಸೆಯ ವೇಳೆ ಅವರು ಸ್ಥಳದಲ್ಲಿರುತ್ತಾರೆಯೇ?

* ಯಾವ ಲೇಸರ್ ಬಳಸುತ್ತೀರಿ? ಈ ಬಣ್ಣದ ಚರ್ಮಕ್ಕೆ ಅದು ಹೊಂದುತ್ತದೆಯೇ? ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸುತ್ತೀರಾ?

* ಎಷ್ಟು ಸರದಿಗಳು, ಒಟ್ಟು ಖರ್ಚು ಎಷ್ಟು? ಫಲಿತಾಂಶ ಯಾವ ಮಟ್ಟದ್ದು?

* ಸುಟ್ಟರೆ, ಕಲೆಯಾದರೆ ಮುಂದಿನ ಚಿಕಿತ್ಸೆ ಯಾರದು?

ಲೇಸರ್ ಕೋಣೆಯಲ್ಲಿ ಆ ಕಿರಣಕ್ಕೇ ತಯಾರಿಸಿದ ರಕ್ಷಣಾ ಕನ್ನಡಕ ರೋಗಿಗೂ ಚಿಕಿತ್ಸೆ ನೀಡುವವರಿಗೂ ಇರಬೇಕು. ಕಣ್ಣಿಗೆ ಒದ್ದೆ ಹತ್ತಿ ಇಟ್ಟು ಕೆಲಸ ಮುಗಿಸುವ ಕಡೆ ಮಲಗಬಾರದು. ಸೇವಿಸುತ್ತಿರುವ ಔಷಧಿಗಳು, ಮುಖಕ್ಕೆ ಹಚ್ಚಿದ ಸ್ಟೀರಾಯ್ಡ್ ಮುಲಾಮು, ಗರ್ಭಧಾರಣೆ, ಪದೇಪದೇ ಬರುವ ಬಾಯಿಹುಣ್ಣು ಅಥವಾ ಸರ್ಪಸುತ್ತು, ಗಾಯ ಗಂಟುಗಟ್ಟುವ ಗುಣ, ಮನೆಯಲ್ಲಿ ಯಾರಿಗಾದರೂ ತೊನ್ನು ಇರುವುದು, ಇವೆಲ್ಲವನ್ನೂ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ಚಿಕಿತ್ಸೆಯ ನಂತರ ಕೆಲವು ಗಂಟೆ ಕೆಂಪಾಗುವುದು ಸಹಜ. ಬೊಬ್ಬೆ ಎದ್ದರೆ, ಉರಿ ಹೆಚ್ಚಿದರೆ ತಣ್ಣೀರಿನ ಬಟ್ಟೆ ಇಟ್ಟು ಕೂಡಲೇ ವೈದ್ಯರನ್ನು ಕಾಣಬೇಕು. ಟೂತ್‌ಪೇಸ್ಟ್, ನಿಂಬೆರಸ ಹಚ್ಚಬಾರದು. ಕೆಲವು ವಾರ ಬಿಸಿಲಿನಿಂದ ಕಾಪಾಡಿಕೊಳ್ಳಬೇಕು. ರಸೀದಿ, ಒಪ್ಪಿಗೆ ಪತ್ರದ ಪ್ರತಿ, ಮೊದಲಿನ ಮತ್ತು ನಂತರದ ಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನಿರ್ಲಕ್ಷ್ಯದಿಂದ ಹಾನಿಯಾಗಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆ ಹೋಗಲು ಇವೇ ಆಧಾರ.

ಅರವತ್ತು ವರ್ಷಗಳಿಗೂ ಮಿಗಿಲಾದ ಇತಿಹಾಸದಲ್ಲಿ ಲೇಸರ್ ಅಸಂಖ್ಯಾತ ಜನರ ಕಣ್ಣು ಕಾಯ್ದಿದೆ, ಮುಖ ತೋರಿಸಲು ಅಂಜುತ್ತಿದ್ದವರಿಗೆ ಧೈರ್ಯ ನೀಡಿದೆ. ಅದನ್ನು ದೇವರೆಂದು ನಂಬಬೇಕಿಲ್ಲ, ಭೂತವೆಂದು ಹೆದರಬೇಕಿಲ್ಲ. ಕಣ್ಣಿನ ವೈದ್ಯರು ಲೇಸರ್ ಎಂದಾಗ ಸುಗ್ಗಿ ಮುಗಿಯುವವರೆಗೆ ಕಾಯುವುದು ಬೇಡ. ಪಾರ್ಲರಿನವರು ಲೇಸರ್ ಎಂದಾಗ ಚರ್ಮವೈದ್ಯರನ್ನು ಕೇಳಿ ಬರುವವರೆಗೆ ಕಾದರೆ ನಷ್ಟವೇನೂ ಇಲ್ಲ.